ರೋಮನ್ನರ ಗಡಿಗೋಡೆಯ ಗುಂಟ ಎರಡು ದಿನ

ಇಂಗ್ಲೆಂಡ್ ದೇಶದ ಉತ್ತರ ಭಾಗದಾಗ ಒಂದು ಹಳೇ ಕಲ್ಲಿನ ಗೋಡೆ ಅದ. ಮೂಡಣ ದಂಡೆಯ ಟೈನ್ ಹೊಳಿಯಿಂದ ಪಡುವಣ ಸಮುದ್ರದ ತನಕ ಸುಮಾರು 117 ಕಿಲೋಮೀಟರ್ ಉದ್ದ. ರೋಮಿನ ಚಕ್ರವರ್ತಿ ಹೇಡ್ರಿಯನ್ ಕ್ರಿ.ಶ. 122ರಲ್ಲಿ ಬ್ರಿಟನ್ನಿಗೆ ಬಂದಾಗ ಇದರ ಕೆಲಸ ಸುರು ಆಯಿತು. ಅವನ ರಾಜ್ಯದ ಉತ್ತರದ ಗಡಿ ಇದು.

ನನ್ನ ಮಗಳು ಅಳಿಯ ಕೆಲಸದ ಸಲುವಾಗಿ ಆ ಕಡೆ ಇದ್ದಾರೆ. ಅವರ ಹತ್ತಿರ ಹೋದಾಗ ಒಂದು ಶನಿವಾರ, ರವಿವಾರ ಈ ಗೋಡೆಯ ನಡುಭಾಗದಾಗ ನಡೆದೆ. ನಾನು ಏಳನೆಯ ಇಯತ್ತೆ ಕಲಿತವ. ಅಲ್ಲಿಯ ಫಲಕಗಳನ್ನು ಮಗಳು ಓದಿ ಹೇಳಿದಳು, ನಾನು ಕಣ್ಣಿಲೆ ನೋಡಿದೆ. ಅದನ್ನೇ ಇಲ್ಲಿ ಬರೆದೀನಿ.

ಶನಿವಾರ ಚೆಸ್ಟರ್ಸ್ ಎಂಬ ಕೋಟೆಯಿಂದ ಹೊರಟೆವು. ಬಹಳ ಹೊತ್ತು ಗೋಡೆ ಕಾಣಲೇ ಇಲ್ಲ, ಬರೇ ಡಾಂಬರು ರಸ್ತೆ. ಕೇಳಿದರೆ, ಗೋಡೆ ಆ ರಸ್ತೆಯ ಕೆಳಗೇ ಅದ ಅಂದಳು ಮಗಳು. 1745ರಲ್ಲಿ ಆ ದೇಶದಾಗ ದಂಗೆ ಎದ್ದಿತ್ತು. ಆಮೇಲೆ ದಂಡು ಬೇಗ ಓಡಾಡಲಿ ಅಂತ ಸರಕಾರ ಗೋಡೆ ಕೆಡವಿ, ಅದೇ ಕಲ್ಲು ಹಾಸಿ ದಾರಿ ಮಾಡಿತು. ಉಳಿದ ಕಲ್ಲು ಚರ್ಚಿಗೆ, ರೈತರ ಮನಿಗೆ, ಹೊಲದ ಒಡ್ಡಿಗೆ ಹೋಯಿತು. ನಮ್ಮ ಕಡೆ ಹಾಳು ವಾಡೆಯ ಕಲ್ಲು ದನದ ಕೊಟ್ಟಿಗೆಗೆ ಹೋದಂಗೆ. ಜಾನ್ ಕ್ಲೇಟನ್ ಎಂಬ ಸಾಹುಕಾರ ಗೋಡೆಯ ಗುಂಟ ಇದ್ದ ಹೊಲಗಳನ್ನು ಒಂದೊಂದಾಗಿ ಕೊಂಡು, ಕಲ್ಲು ಒಯ್ಯೋದನ್ನು ನಿಲ್ಲಿಸಿದ. ಈಗ ನೋಡಲಿಕ್ಕೆ ಉಳಿದದ್ದರಾಗ ಎಷ್ಟೋ ಭಾಗ ಅವನ ಪುಣ್ಯ.

ಸಂಜಿಗೆ ಹೌಸ್‌ಸ್ಟೆಡ್ಸ್ ಕೋಟೆ ಮುಟ್ಟಿದೆವು. ಅಲ್ಲಿ ಗೋಡೆ ಗುಡ್ಡದ ನೆತ್ತಿ ಮ್ಯಾಲೆ ಹಾವಿನಂಗ ಏರಿ ಇಳಿದು ಹೋಗ್ಯದ. ಎರಡೂ ಮಗ್ಗಲು ಕೆತ್ತಿದ ಕಲ್ಲು, ನಡುವೆ ಹೆಂಟೆಗಲ್ಲು ತುಂಬ್ಯಾರ. ಒಂದೊಂದು ರೋಮನ್ ಮೈಲಿಗೆ ಒಂದು ಚಿಕ್ಕ ಕೋಟೆ, ಅವುಗಳ ನಡುವೆ ಎರಡೆರಡು ಬುರುಜು. ನನಗೆ ಬೆರಗಾದದ್ದು ಬಾಗಿಲು ಕಂಡು. ಚಿಕ್ಕ ಕೋಟೆಗಳಿಗೆ ಆಚೆ ಹೋಗೋ ಬಾಗಿಲು ಇದ್ದವು. ಹೌಸ್‌ಸ್ಟೆಡ್ಸ್ ಕೆಳಗೆ ಹಳ್ಳದ ಹತ್ತಿರ ಮತ್ತೊಂದು ಬಾಗಿಲು, ಅದರ ಎರಡೂ ಕಡೆ ಕಾವಲಿನವರ ಖೋಲಿ. ಮಂದಿ ಆಚೆಯಿಂದ ಈಚೆ ಬರೋದು ಹೋಗೋದು ನಡದೇ ಇತ್ತು. ಬರೋವರ ಮ್ಯಾಲೆ ಕಣ್ಣಿಡಲಿಕ್ಕೆ ಇದು ನಾಕೆಯೂ ಆಗಿತ್ತು ಅಂತ ಬಲ್ಲವರು ಹೇಳ್ತಾರ. ಇವತ್ತು ಅಲ್ಲಿ ಗೋಡೆಯ ಎರಡೂ ಕಡೆ ಇಂಗ್ಲೆಂಡೇ. ಸ್ಕಾಟ್ಲೆಂಡಿನ ಗಡಿ ಇನ್ನೂ ಬಹಳ ಮುಂದ. ಕುರಿ ಎರಡೂ ಕಡೆ ಮೇಯ್ತಾವ.

ಕಾವಲಿಗೆ ಇದ್ದ ಸಿಪಾಯಿಗಳು ಯಾರು? ಎಲ್ಲರೂ ರೋಮಿನವರಲ್ಲ. ಹೌಸ್‌ಸ್ಟೆಡ್ಸಿನ ಒಂದು ಪಡೆ ಇವತ್ತಿನ ಬೆಲ್ಜಿಯಂ ಕಡೆಯದು. ಬೇರೆ ಕೋಟೆಗಳಾಗ ಸಿರಿಯಾದ ಬಿಲ್ಲುಗಾರರು, ಆಫ್ರಿಕಾದ ಉತ್ತರ ದಂಡೆಯವರೂ ಇದ್ದರು.

ರವಿವಾರ ಗೋಡೆಯ ತೆಂಕಣಕ್ಕಿರುವ ವಿಂಡೋಲಾಂಡ ಎಂಬ ಕೋಟೆಗೆ ಹೋದೆವು. ಇದು ಗೋಡೆಗಿಂತ ಹಳೇದು. 1973ರಲ್ಲಿ ರಾಬಿನ್ ಬರ್ಲಿ ಎಂಬವರು ಅಲ್ಲಿ ಅಗೀವಾಗ ತೆಳ್ಳನ ಕಟ್ಟಿಗಿ ಚಕ್ಕೆಗಳು ಸಿಕ್ಕವು. ಅದರ ಮ್ಯಾಲೆ ಶಾಯಿಲೆ ಬರೆದ ಪತ್ರ! ಗಾಳಿ ಆಡದ ಹಸಿ ಮಣ್ಣಿನಾಗ ಇದ್ದುದರಿಂದ ಕೊಳೆತಿರಲಿಲ್ಲ. ಒಂದರಾಗ ಕಾಲುಚೀಲ, ಚಪ್ಪಲಿ, ಚಡ್ಡಿ ಕಳಿಸಿದ ಲೆಕ್ಕ. ಇನ್ನೊಂದು ಕ್ಲಾಡಿಯಾ ಸೆವೆರಾ ಎಂಬ ಹೆಣ್ಣುಮಗಳು ತನ್ನ ಹುಟ್ಟಿದ ದಿನಕ್ಕೆ ಬಾ ಅಂತ ಗೆಳತಿ ಲೆಪಿಡಿನಾಗೆ ಕಳಿಸಿದ್ದು. ಪತ್ರ ಬೇರೆಯವರು ಬರೆದರೂ ಕಡೆಯ ಸಾಲು ಅವಳ ಕೈಯಕ್ಷರ. ಸುಮಾರು 1900 ವರ್ಷದ ಹಿಂದಿನ ಅಕ್ಷರ.

ಆದರ ನನ್ನ ಮನಸ್ಸಿನಾಗ ಕೂತದ್ದು ಇನ್ನೊಂದು ಕಲ್ಲು. ಅದು ಗೋಡೆಯ ಮೂಡಣ ತುದಿಯ ಹತ್ತಿರ ಸೌತ್ ಶೀಲ್ಡ್ಸ್ ಊರಾಗ ಅದ. ನಡಿಗೆಗೆ ಹೋಗೋ ಮೊದಲೇ ನೋಡಿದ್ದೆ. ಸಿರಿಯಾದ ಪಾಲ್ಮಿರಾ ಊರಿನ ಬರಾಟಿಸ್ ಎಂಬವ ಅಷ್ಟು ದೂರ ಬಂದು ನಿಂತಿದ್ದ. ಹೆಂಡತಿ ರೆಜಿನಾ ತೆಂಕಣ ಬ್ರಿಟನ್ನಿನವಳು, ಮೊದಲು ಅವನ ದಾಸಿ. ಅವಳನ್ನು ಬಿಡುಗಡೆ ಮಾಡಿ ಲಗ್ನ ಆದ. ಮೂವತ್ತು ವರ್ಷಕ್ಕೆ ಅವಳು ತೀರಿಕೊಂಡಳು. ಕಲ್ಲಿನಾಗ ಅವಳು ಕುರ್ಚಿ ಮ್ಯಾಲೆ ಕೂತಾಳ, ಮಗ್ಗಲಿಗೆ ಉಣ್ಣಿ ಬುಟ್ಟಿ. ಕೆಳಗ ಲ್ಯಾಟಿನ್‌ದಾಗ ಹೆಸರು, ಕುಲ, ವಯಸ್ಸು ಎಲ್ಲ ಬರೆಸ್ಯಾನ. ಲ್ಯಾಟಿನ್ ಅಂದರ ಆಗಿನ ಸರಕಾರದ ಭಾಷೆ. ಅದರ ಕೆಳಗ ಒಂದೇ ಸಾಲು ತನ್ನ ಊರ ಭಾಷೆಯಾಗ, ಊರ ಲಿಪಿಯಾಗ. ಅವಳ ಹೆಸರು ಹೇಳಿ 'ಅಯ್ಯೋ' ಅಂದಾನ. ಅಳುವ ಮಾತು ಲ್ಯಾಟಿನ್‌ದಾಗ ಇಲ್ಲ, ಇದರಾಗ ಅದ.

ನಾನು ಹಂತಿ ಪದ ಹಾಡುವವ. ಈ ಸಾಲಿನ ಅರ್ಥ ನನಗ ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ. ನಮ್ಮ ಅಕ್ಕಲಕೋಟ ತಾಲೂಕು 1956ರಾಗ ಮುಂಬೈ ರಾಜ್ಯದಾಗೇ ಉಳಿಯಿತು, 1960ರಾಗ ಮಹಾರಾಷ್ಟ್ರದ್ದಾಯಿತು. ತಹಸೀಲಿನಾಗ ನಾವು ಮರಾಠಿ ಮಾತಾಡ್ತೀವಿ, ಅದೂ ನಮ್ಮದೇ. ಮನಿಯಾಗ ಹೆಣ ಇಟ್ಟಾಗ ಹೆಣ್ಣುಮಕ್ಕಳು ಹಾಡಿಕೊಂಡು ಅಳೋದು ಕನ್ನಡದಾಗ.

ಚಕ್ರವರ್ತಿಯ ಗೋಡೆ ಮುಕ್ಕಾಲು ಪಾಲು ಹೋಯಿತು. ಒಬ್ಬ ಪರದೇಶಿಯ ಒಂದು ಸಾಲು ಉಳಿಯಿತು, ಯಾಕಂದರ ಅವ ಬರೆಸಿದ, ಮುಂದಿನವರು ಕಾದರು. ಸೊಲ್ಲಾಪುರ ಸೀಮೆಯ ಊರೂರಿನಾಗ ಹಳೇ ಕನ್ನಡ ಶಾಸನದ ಕಲ್ಲು ಅದಾವ. ಕೆಲವಕ್ಕೆ ಎಮ್ಮೆ ಕಟ್ಟತಾರ, ಕೆಲವು ಅರಿವಿ ಒಗೆಯೋ ಕಲ್ಲಾಗ್ಯಾವ. ಗುರುಗಳೇ, ಮಕ್ಕಳನ್ನು ಕರಕೊಂಡು ಹೋಗಿ ಅವನ್ನ ತೊಳಿಸಿ ತೋರಸ್ರಿ. ಮುದುಕೇರ ಪದಗಳನ್ನ ವಹಿಯಾಗ ಬರಸ್ರಿ. ನನಗ ಬರೋವಷ್ಟು ನಾನೂ ಬಂದು ಹಾಡಿ ಬರಸ್ತೀನಿ.