ಕೊಸರಿನಿಂದ ಕೂಪನ್ನಿನವರೆಗೆ: ಅರ್ಧ ಬೆಲೆಯ ಚರಿತ್ರೆ

ನಮ್ಮ ಭಾಷೆಯಲ್ಲಿ ‘ಕೊಸರು’ ಎಂಬ ಸೊಗಸಾದ ಮಾತೊಂದಿದೆ. ಅಳತೆಯೋ ತೂಕವೋ ಮುಗಿದ ಮೇಲೆ ಮಾರುವವರು ಪ್ರೀತಿಯಿಂದ ಹೆಚ್ಚಿಗೆ ಸೇರಿಸಿ ಕೊಡುವ ಹಿಡಿಯಷ್ಟು ಸೊಪ್ಪು, ನಾಲ್ಕು ಹಸಿಮೆಣಸಿನಕಾಯಿ, ಗೇಣುದ್ದದ ಹೂವು, ಇವೆಲ್ಲ ಕೊಸರು. ಅದನ್ನು ಕೇಳುವುದು ಗಿರಾಕಿಗೆ ಅವಮಾನವಲ್ಲ, ಕೊಡುವುದು ವ್ಯಾಪಾರಿಗೆ ನಷ್ಟವೂ ಅಲ್ಲ. ಏಕೆಂದರೆ ಮುಂದಿನ ವಾರದ ಸಂತೆಯಲ್ಲಿ ಇಬ್ಬರೂ ಮತ್ತೆ ಎದುರುಬದುರಾಗುವವರೇ.

ಇಂದು ನಮ್ಮ ಮನೆಗಳ ಕಿರಿಯರು ಹೋಟೆಲಿಗಾಗಲಿ, ಕ್ಷೌರಕ್ಕಾಗಲಿ, ಪ್ರವಾಸಕ್ಕಾಗಲಿ ಹೊರಡುವ ಮುನ್ನ ಫೋನಿನಲ್ಲಿ ರಿಯಾಯಿತಿಯ ಕೂಪನ್ ಹುಡುಕುತ್ತಾರೆ. ಅವರನ್ನು ಆಕ್ಷೇಪಿಸುವುದು ನನ್ನ ಉದ್ದೇಶವಲ್ಲ. ಆದರೆ ಮೂರು ದಶಕಗಳ ಕಾಲ ಮಕ್ಕಳಿಗೆ ಇತಿಹಾಸ ಹೇಳಿಕೊಟ್ಟವನಿಗೆ ಯಾವ ಪದ್ಧತಿಯನ್ನು ಕಂಡರೂ ಇದು ಎಲ್ಲಿ ಹುಟ್ಟಿತು, ಇದರ ಖರ್ಚನ್ನು ಯಾರು ಹೊತ್ತರು ಎಂಬೆರಡು ಪ್ರಶ್ನೆಗಳು ತಾವಾಗಿಯೇ ಏಳುತ್ತವೆ. ಅವುಗಳಿಗೆ ನಾನು ಕಂಡುಕೊಂಡ ಉತ್ತರವನ್ನು ನನ್ನ ಹಳೆಯ ವಿದ್ಯಾರ್ಥಿಗಳ ಮುಂದೆ ಇಡುತ್ತಿದ್ದೇನೆ.

ಬೆಲೆ ಇಳಿಸಿ ಗಿರಾಕಿಯನ್ನು ಕರೆಯುವ ಉಪಾಯ ಹೊಸದೇನಲ್ಲ. ಆಷಾಢದಲ್ಲಿ ಮದುವೆ ಮುಂಜಿಗಳಿಲ್ಲ, ಜವಳಿ ಅಂಗಡಿಗಳಲ್ಲಿ ವ್ಯಾಪಾರ ಮಂಕಾಗುತ್ತದೆ. ಆದ್ದರಿಂದ ಆಷಾಢದ ರಿಯಾಯಿತಿ ಹುಟ್ಟಿತು. ಗಾಂಧಿ ಜಯಂತಿಯ ಹೊತ್ತಿಗೆ ಖಾದಿ ಭಂಡಾರಗಳು ಕೊಡುವ ರಿಯಾಯಿತಿಯ ಭಾರವನ್ನು ಬಹುಕಾಲ ಸರ್ಕಾರವೇ ಹೊರುತ್ತಿತ್ತು. ಅಮೆರಿಕದಲ್ಲಿ 1880ರ ದಶಕದ ಕೊನೆಯಲ್ಲಿ ಏಸಾ ಕ್ಯಾಂಡ್ಲರ್ ಎಂಬ ಔಷಧ ವ್ಯಾಪಾರಿ ತನ್ನ ಹೊಸ ಪಾನೀಯವಾದ ಕೋಕಾಕೋಲಾದ ಒಂದು ಲೋಟವನ್ನು ಬಿಟ್ಟಿಯಾಗಿ ಕುಡಿಯಲು ಚೀಟಿಗಳನ್ನು ಹಂಚಿಸಿದನು. ಆ ಚೀಟಿಗಳಿಗೆ ಬೇಕಾದ ಪಾಕವನ್ನು ಆತನೇ ಅಂಗಡಿಯವರಿಗೆ ಉಚಿತವಾಗಿ ಒದಗಿಸುತ್ತಿದ್ದನು. ಅಂದರೆ ರಿಯಾಯಿತಿಯನ್ನು ಘೋಷಿಸಿದವನೇ ಅದರ ಖರ್ಚನ್ನೂ ಹೊರುತ್ತಿದ್ದನು. ಈ ಅಂಶವನ್ನು ಓದುಗರು ದಯವಿಟ್ಟು ನೆನಪಿನಲ್ಲಿಟ್ಟುಕೊಳ್ಳಬೇಕು.

ಹತ್ತು ಜನ ಒಟ್ಟಾಗಿ ಕೊಂಡರೆ ಅಗ್ಗ ಎಂಬ ವಿಚಾರವೂ ಹಳೆಯದೇ. 1844ರಲ್ಲಿ ಇಂಗ್ಲೆಂಡಿನ ರಾಚ್‌ಡೇಲ್ ಎಂಬ ಊರಿನ ನೇಕಾರರೂ ಇತರ ಕಸುಬಿನವರೂ ಸೇರಿ ತಮ್ಮದೇ ಅಂಗಡಿ ತೆರೆದರು. ಹಿಟ್ಟು, ಬೆಣ್ಣೆ, ಸಕ್ಕರೆಗಳನ್ನು ಒಟ್ಟಾಗಿ ತರಿಸಿ, ಉಳಿದ ಲಾಭವನ್ನು ಕೊಂಡವರಿಗೇ ಹಂಚಿದರು. ಅದೇ ಸಹಕಾರ ತತ್ತ್ವ ಸಾಲದ ಸಂಘದ ರೂಪದಲ್ಲಿ 1905ರಲ್ಲಿ ನಮ್ಮ ಗದಗಿನ ಬಳಿಯ ಕಣಗಿನಹಾಳಕ್ಕೆ ಬಂದಿತು. ಸಿದ್ದನಗೌಡ ಪಾಟೀಲರು ಕಟ್ಟಿದ ಆ ಸಂಘ ನಾಡಿಗೇ ಮಾದರಿಯಾಯಿತು. ಮುಂದೆ ಬಂದ ಜನತಾ ಬಜಾರುಗಳನ್ನು ನಿಮ್ಮಲ್ಲಿ ಅನೇಕರು ಕಂಡಿದ್ದೀರಿ. ಅಲ್ಲೆಲ್ಲ ಗುಂಪು ಎಂದರೆ ಪರಸ್ಪರ ಗುರುತಿದ್ದವರ ಗುಂಪು. ಲಾಭವೂ ಅದರದೇ, ಹೊಣೆಯೂ ಅದರದೇ ಆಗಿತ್ತು.

ಈಗ ಷಿಕಾಗೋ ನಗರಕ್ಕೆ ಬರೋಣ. ಅಲ್ಲಿ 1872ರಲ್ಲಿ ಆರನ್ ಮಾಂಟ್‌ಗೊಮರಿ ವಾರ್ಡ್ ಎಂಬಾತನು ಬೆಲೆಪಟ್ಟಿ ಮುದ್ರಿಸಿ ಹಳ್ಳಿಯ ರೈತರಿಗೆ ಅಂಚೆಯ ಮೂಲಕ ಸಾಮಾನು ಮಾರುವ ಉದ್ಯಮ ಆರಂಭಿಸಿದ್ದನು. ಒಂದು ಕಾಲಕ್ಕೆ ಆ ಸಂಸ್ಥೆಗೆ ಸೇರಿದ್ದ ದೈತ್ಯ ಕಟ್ಟಡದಲ್ಲಿಯೇ ನಮ್ಮ ಕಾಲದ ಕೂಪನ್ ಕಥೆಯೂ ಮೊದಲಾಯಿತು. ಆಂಡ್ರೂ ಮೇಸನ್ ಎಂಬ ತರುಣ, ಸಂಗೀತದಲ್ಲಿ ಪದವಿ ಪಡೆದವನು, 2007ರಲ್ಲಿ ‘ದಿ ಪಾಯಿಂಟ್’ ಎಂಬ ಜಾಲತಾಣವನ್ನು ತೆರೆದನು. ಒಂದು ಸಾರ್ವಜನಿಕ ಕೆಲಸಕ್ಕೆ ಇಷ್ಟು ಜನ ಒಪ್ಪಿದರೆ ಮಾತ್ರ ಎಲ್ಲರೂ ಕೈಹಾಕುವುದು, ಇಲ್ಲವಾದರೆ ಯಾರೂ ಇಲ್ಲ ಎಂಬುದು ಅದರ ನಿಯಮ. ಸಮಾಜಸೇವೆಗೆಂದು ಮಾಡಿದ ಈ ಏರ್ಪಾಡು ಹೆಚ್ಚು ಜನರನ್ನು ಸೆಳೆಯಲಿಲ್ಲ. ಆದರೆ ಜನರು ಇದನ್ನು ಒಟ್ಟಾಗಿ ಸಾಮಾನು ಕೊಳ್ಳಲು ಬಳಸಬಹುದೆಂಬುದು ಅದರ ಹಣಹೂಡಿಕೆದಾರ ಎರಿಕ್ ಲೆಫ್ಕಾಫ್‌ಸ್ಕಿಯ ಗಮನಕ್ಕೆ ಬಂದಿತು. 2008ರ ಶರತ್ಕಾಲದಲ್ಲಿ, ಬ್ಯಾಂಕುಗಳು ಕುಸಿದು ಅಮೆರಿಕನ್ನರು ಕಾಸು ಕಾಸನ್ನೂ ಎಣಿಸುತ್ತಿದ್ದಾಗ, ‘ಗ್ರೂಪಾನ್’ ಹುಟ್ಟಿತು. ಗ್ರೂಪ್ ಮತ್ತು ಕೂಪನ್ ಎಂಬ ಎರಡು ಪದಗಳ ಸಂಧಿಯೇ ಆ ಹೆಸರು. ಮೊದಲ ಕೊಡುಗೆ ಅದೇ ಕಟ್ಟಡದ ಕೆಳ ಅಂತಸ್ತಿನ ಪಾನಗೃಹದ್ದು: ಒಂದು ಪಿಜ್ಜಾದ ಬೆಲೆಗೆ ಎರಡು ಪಿಜ್ಜಾ.

ಪದ್ಧತಿ ಬಹು ಸರಳವಾಗಿತ್ತು. ದಿನಕ್ಕೊಂದು ಊರಿಗೆ ಒಂದು ಕೊಡುಗೆ. ನಿಗದಿಯಾದಷ್ಟು ಮಂದಿ ಕೊಂಡರೆ ಮಾತ್ರ ಅದು ಜಾರಿಗೆ ಬರುವುದು. ಬೆಲೆ ಸಾಮಾನ್ಯವಾಗಿ ಅರ್ಧ. ಬಂದ ಹಣದಲ್ಲಿ ಸುಮಾರು ಅರ್ಧ ಪಾಲು ಜಾಲತಾಣಕ್ಕೆ, ಉಳಿದದ್ದು ಅಂಗಡಿಯವನಿಗೆ.

ಇದರ ಲೆಕ್ಕವನ್ನು ಕರಿಹಲಗೆಯ ಮೇಲೆ ಬಿಡಿಸುವಂತೆ ಬಿಡಿಸೋಣ. 200 ರೂಪಾಯಿಯ ಊಟ 100 ರೂಪಾಯಿಗೆ ಮಾರಾಟವಾಗುತ್ತದೆ. ಅದರಲ್ಲಿ 50 ರೂಪಾಯಿ ಮಧ್ಯವರ್ತಿಗೆ, 50 ರೂಪಾಯಿ ಹೋಟೆಲಿನವನಿಗೆ. ಅಕ್ಕಿ, ಬೇಳೆ, ಎಣ್ಣೆ, ತರಕಾರಿಗಳಿಗೇ 70 ರೂಪಾಯಿ ತಗಲುವುದಾದರೆ ತಲೆಗೆ 20 ರೂಪಾಯಿ ನಷ್ಟ. 500 ಮಂದಿ ಉಂಡು ಹೋದರೆ 10,000 ರೂಪಾಯಿ ಹೋಯಿತು. ಆದರೆ ಕ್ಷೌರದಂಗಡಿಯವನ ಸ್ಥಿತಿ ಬೇರೆ. ಮಂಗಳವಾರ ಹೇಗೂ ಖಾಲಿ ಬಿದ್ದಿರುವ ಕುರ್ಚಿಯ ಮೇಲೆ ಒಬ್ಬ ಗಿರಾಕಿ ಕುಳಿತರೆ ಸೋಪು, ಬ್ಲೇಡುಗಳ ಅಲ್ಪ ಖರ್ಚು ಕಳೆದು ಬಂದದ್ದೆಲ್ಲ ಲಾಭವೇ. ಹೋಟೆಲಿನ ಖಾಲಿ ಕೋಣೆ, ಚಿತ್ರಮಂದಿರದ ಖಾಲಿ ಆಸನ, ಇವಕ್ಕೂ ಇದೇ ನ್ಯಾಯ. ಒಂದೇ ಕೂಪನ್ ಒಬ್ಬನಿಗೆ ವರವಾಗಿ ಇನ್ನೊಬ್ಬನಿಗೆ ಹೊರೆಯಾಗುವುದು ಹೀಗೆ.

2011ರಲ್ಲಿ ಇಂಗ್ಲೆಂಡಿನ ರೆಡಿಂಗ್ ಪಟ್ಟಣದ ಬೇಕರಿಯೊಂದರ ಒಡತಿಗೆ ಇದರ ಪೂರ್ಣ ಅನುಭವವಾಯಿತು. 26 ಪೌಂಡಿನ ಹನ್ನೆರಡು ಕಪ್‌ಕೇಕುಗಳನ್ನು ಆಕೆ 6.50 ಪೌಂಡಿಗೆ ಕೊಡಲೊಪ್ಪಿದಳು. ಎಷ್ಟು ಮಂದಿಗೆ ಎಂಬ ಮಿತಿ ಇರಲಿಲ್ಲ. 8,500 ಮಂದಿ ಕೊಂಡರು. 1,02,000 ಕೇಕುಗಳನ್ನು ಸುಡಬೇಕಾಯಿತು. ಹೊರಗಿನಿಂದ ಕೆಲಸಗಾರರನ್ನು ಕರೆಸಿ, ರಾತ್ರಿಹಗಲು ದುಡಿದು ಕೊಟ್ಟ ಮಾತನ್ನು ಆಕೆ ಉಳಿಸಿಕೊಂಡಳು. ಆದರೆ ಆ ವರ್ಷದ ಲಾಭವೆಲ್ಲ ಅದರಲ್ಲಿಯೇ ಕರಗಿತು.

ಇಂಥದೇ ಸಂಗತಿಯನ್ನು ನಾನು ಹತ್ತಿರದಿಂದಲೂ ಕಂಡಿದ್ದೇನೆ. ಮೈಸೂರಿನಲ್ಲಿ ಸಣ್ಣದೊಂದು ಉಪಾಹಾರ ಮಂದಿರ ನಡೆಸುತ್ತಿದ್ದ ನನ್ನ ಹಳೆಯ ವಿದ್ಯಾರ್ಥಿಯೊಬ್ಬ 2012ರಲ್ಲಿ ಇಂತಹ ಒಂದು ಜಾಲತಾಣದೊಡನೆ ಒಪ್ಪಂದ ಮಾಡಿಕೊಂಡಿದ್ದ. ಮೊದಲೆರಡು ಭಾನುವಾರ ಬಾಗಿಲಿನ ಹೊರಗೆ ಸಾಲು ನಿಂತಿತ್ತು. ‘ಸಾರ್, ನಿಂತವರಲ್ಲಿ ಹೊಸಬರು ಬಹಳ. ಆದರೆ ದಿನಾ ಬೆಳಗ್ಗೆ ಬಂದು ಇಡ್ಲಿ ತಿಂದು ಹೋಗುತ್ತಿದ್ದ ಹಿರಿಯರಿಗೆ ಜಾಗವಿಲ್ಲದೆ ತಿರುಗಿ ಹೋಗುತ್ತಿದ್ದಾರೆ’ ಎಂದು ಅವನು ನೊಂದು ಹೇಳಿದ. ಹೊಸಬರಲ್ಲಿ ಹೆಚ್ಚಿನವರು ಚೀಟಿ ಮುಗಿದ ಮೇಲೆ ಮುಂದಿನ ಚೀಟಿಯ ಅಂಗಡಿಗೆ ಹೋದರು. ಹಿರಿಯರನ್ನು ಮತ್ತೆ ಕರೆತರಲು ಅವನಿಗೆ ಒಂದು ವರ್ಷ ಹಿಡಿಯಿತು.

ಎಲ್ಲರ ಪಾಡೂ ಹೀಗೆಯೇ ಆಯಿತೆಂದರೆ ತಪ್ಪಾದೀತು. 2010ರಲ್ಲಿ ಅಮೆರಿಕದ ರೈಸ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಉತ್ಪಲ್ ಧೋಲಾಕಿಯಾ 150 ವ್ಯಾಪಾರಗಳನ್ನು ಅಧ್ಯಯನ ಮಾಡಿದರು. ಶೇಕಡಾ 66 ಮಂದಿಗೆ ಲಾಭವಾಗಿತ್ತು, ಶೇಕಡಾ 32 ಮಂದಿಗೆ ಆಗಿರಲಿಲ್ಲ. ಆದರೂ ಶೇಕಡಾ 40ಕ್ಕೂ ಹೆಚ್ಚು ಮಂದಿ ಇಂಥ ಕೊಡುಗೆಯನ್ನು ಮತ್ತೆ ಕೊಡುವುದಿಲ್ಲವೆಂದರು. ಲಾಭ ಪಡೆದವರಲ್ಲಿಯೂ ಕೆಲವರು ಹಿಂಜರಿದರೆಂಬುದು ಈ ಅಂಕಿಗಳಿಂದಲೇ ತಿಳಿಯುತ್ತದೆ.

ಷೇರು ಪೇಟೆಗೆ ಈ ಹಿಂಜರಿಕೆ ಕೇಳಿಸಲಿಲ್ಲ. 2010ರ ಕೊನೆಯಲ್ಲಿ ಗೂಗಲ್ ಸುಮಾರು 600 ಕೋಟಿ ಡಾಲರಿಗೆ ಗ್ರೂಪಾನನ್ನು ಕೊಳ್ಳಲು ಮುಂದಾದಾಗ, ಮೇಸನ್ ಮತ್ತು ಆತನ ಸಂಗಡಿಗರು ನಿರಾಕರಿಸಿದರೆಂಬ ಸುದ್ದಿ ಲೋಕದ ಪತ್ರಿಕೆಗಳಲ್ಲೆಲ್ಲ ಬಂದಿತು. ಅಂಗಡಿಯವರಿಗೆ ಸಲ್ಲಬೇಕಾದ ಪಾಲನ್ನೂ ತನ್ನ ವರಮಾನವೆಂದೇ ಸಂಸ್ಥೆ ಮೊದಲು ತೋರಿಸಿತ್ತು. ಲೆಕ್ಕ ತಿದ್ದಿದಾಗ 2010ರ ವರಮಾನ 71 ಕೋಟಿ ಡಾಲರಿನಿಂದ 31 ಕೋಟಿಗೆ ಇಳಿಯಿತು. ಆದರೂ 2011ರ ನವೆಂಬರಿನಲ್ಲಿ 20 ಡಾಲರಿನಂತೆ ಷೇರುಗಳು ಮಾರಾಟವಾಗಿ 70 ಕೋಟಿ ಡಾಲರ್ ಸಂಗ್ರಹವಾಯಿತು. ಒಂದೇ ವರ್ಷದಲ್ಲಿ ಅದೇ ಷೇರು ಮೂರು ಡಾಲರಿಗಿಂತ ಕೆಳಗೆ ಬಿದ್ದಿತು. 2013ರ ಫೆಬ್ರವರಿಯಲ್ಲಿ ಮೇಸನ್ ಪದಚ್ಯುತನಾದನು. ಮರೆಮಾಚದೆ, ತನ್ನನ್ನು ಕೆಲಸದಿಂದ ತೆಗೆದಿದ್ದಾರೆಂದು ತಾನೇ ಸಿಬ್ಬಂದಿಗೆ ಪತ್ರ ಬರೆದನು. ಅವನ ಈ ನೇರ ನಡೆ ನನಗೆ ಮೆಚ್ಚುಗೆಯಾಯಿತು.

ಪತನಕ್ಕೆ ಕಾರಣ ಕಷ್ಟವಾದುದಲ್ಲ. ಈ ವ್ಯಾಪಾರಕ್ಕೆ ಕಾರ್ಖಾನೆ ಬೇಡ, ಗೋದಾಮು ಬೇಡ. ಯಾರು ಬೇಕಾದರೂ ಇಂಥದೇ ಜಾಲತಾಣ ತೆರೆಯಬಹುದಾಗಿತ್ತು. ಚೀನಾದಲ್ಲಿ 2011ರ ಹೊತ್ತಿಗೆ ಇಂತಹವು ಸಾವಿರಾರು ಹುಟ್ಟಿದ್ದವು. ಬದುಕುಳಿದವು ಬೆರಳೆಣಿಕೆಯಷ್ಟು. ಅವುಗಳಲ್ಲೊಂದಾದ ಮೇಯ್ತುವಾನ್ ಊಟ ತಲುಪಿಸುವ ಕೆಲಸಕ್ಕೆ ತಿರುಗಿ ಬೃಹತ್ತಾಗಿ ಬೆಳೆಯಿತು.

ನಮ್ಮ ದೇಶದಲ್ಲಿಯೂ ಇದೇ ಕಥೆ. ಕುನಾಲ್ ಬಹಲ್ ಮತ್ತು ರೋಹಿತ್ ಬನ್ಸಲ್ 2010ರಲ್ಲಿ ಆರಂಭಿಸಿದ ಸ್ನ್ಯಾಪ್‌ಡೀಲ್ ಮೊದಲಿಗೆ ಸ್ಥಳೀಯ ಸೇವೆಗಳ ರಿಯಾಯಿತಿಯನ್ನೇ ಮಾರುತ್ತಿತ್ತು. 2011ರ ಕೊನೆಯ ವೇಳೆಗೆ ಅದು ಸಾಮಾನುಗಳ ಮಾರಾಟಕ್ಕೆ ಹೊರಳಿತು. ಗ್ರೂಪಾನ್ 2011ರಲ್ಲಿ ‘ಸೋಸಸ್ತಾ’ ಎಂಬ ಸಂಸ್ಥೆಯನ್ನು ಕೊಂಡು ಭಾರತಕ್ಕೆ ಬಂದಿತು. 2013ರ ಸೆಪ್ಟೆಂಬರಿನಲ್ಲಿ ಈರುಳ್ಳಿಯ ಬೆಲೆ ಗಗನಕ್ಕೇರಿದ್ದಾಗ ಅದು ಕಿಲೋಗೆ 9 ರೂಪಾಯಿಯಂತೆ ಈರುಳ್ಳಿ ಕೊಡುವುದಾಗಿ ಸಾರಿತು. 3,000 ಕಿಲೋ 44 ನಿಮಿಷಗಳಲ್ಲಿ ಮುಗಿದು, ನೂಕುನುಗ್ಗಲಿಗೆ ಜಾಲತಾಣವೇ ಕುಸಿಯಿತು. 2015ರಲ್ಲಿ ಅದರ ಭಾರತೀಯ ಶಾಖೆ ಬೇರ್ಪಟ್ಟು ‘ನಿಯರ್‌ಬೈ’ ಎಂದು ಹೆಸರು ಬದಲಿಸಿಕೊಂಡಿತು. 2017ರಲ್ಲಿ ಅದು ಪೇಟಿಎಂನ ತೆಕ್ಕೆಗೆ ಸೇರಿತು.

ಕೊನೆಗೆ ಹೋಟೆಲಿನವರೂ ತಿರುಗಿಬಿದ್ದರು. ಝೊಮ್ಯಾಟೋದ ‘ಗೋಲ್ಡ್’ ಯೋಜನೆಯಲ್ಲಿ ಸದಸ್ಯತ್ವದ ಹಣ ಕಂಪನಿಗೆ ಹೋಗುತ್ತಿತ್ತು, ಬಿಟ್ಟಿ ತಿಂಡಿಯ ಭಾರ ಹೋಟೆಲಿನ ಮೇಲೆ ಬೀಳುತ್ತಿತ್ತು. 2019ರ ಆಗಸ್ಟ್ 15ರ ಸುಮಾರಿಗೆ ಗುರುಗ್ರಾಮದಲ್ಲಿ ಆರಂಭಿಸಿ, ದೇಶದ ಅನೇಕ ಊರುಗಳಲ್ಲಿ ಹೋಟೆಲುಗಳು ಇಂತಹ ಯೋಜನೆಗಳಿಂದ ಹೊರಬಂದವು.

ಈ ಚರಿತ್ರೆಯಿಂದ ನನಗೆ ಸ್ಪಷ್ಟವಾದದ್ದು ಇಷ್ಟು. ಕ್ಯಾಂಡ್ಲರನ ಚೀಟಿಯ ಖರ್ಚನ್ನು ಕ್ಯಾಂಡ್ಲರನೇ ಹೊತ್ತನು. ರಾಚ್‌ಡೇಲಿನ ಲಾಭ ಕೊಂಡವರಿಗೇ ಮರಳಿತು. ಜಾಲತಾಣದ ಕೂಪನ್ನಿನಲ್ಲಿ ಮಾತ್ರ ಘೋಷಿಸುವವನು ಒಬ್ಬ, ಭಾರ ಹೊರುವವನು ಇನ್ನೊಬ್ಬ. ಕೊಳ್ಳುವ ಗುಂಪಿಗೆ ಆ ಇಬ್ಬರ ಪರಿಚಯವೂ ಇಲ್ಲ, ತಮ್ಮತಮ್ಮಲ್ಲಿಯೂ ಪರಿಚಯವಿಲ್ಲ.

ಹಾಗೆಂದು ರಿಯಾಯಿತಿಯನ್ನು ಬಿಡಿರೆಂದು ನಾನು ಹೇಳಲಾರೆ. ಸೀಮಿತ ಸಂಬಳದ ಮನೆಗೆ ಉಳಿದ ನೂರು ರೂಪಾಯಿಯ ಬೆಲೆ ಏನೆಂಬುದು ಪಿಂಚಣಿದಾರನಾದ ನನಗೆ ಚೆನ್ನಾಗಿ ಗೊತ್ತು. ಖಾಲಿ ಕೋಣೆ, ಖಾಲಿ ಕುರ್ಚಿಗಳ ರಿಯಾಯಿತಿಯನ್ನು ನಿಶ್ಚಿಂತೆಯಿಂದ ಪಡೆಯಿರಿ. ಆದರೆ ನಿಮ್ಮ ಬೀದಿಯ ಸಣ್ಣ ಹೋಟೆಲಿನಲ್ಲಿ ಕೂಪನ್ ತೋರಿಸುವ ಮುನ್ನ, ಇದರಲ್ಲಿ ನಿಮಗೆಷ್ಟು ಉಳಿಯುತ್ತದೆಂದು ಯಜಮಾನರನ್ನು ಒಮ್ಮೆ ಕೇಳಿ ನೋಡಿ. ನಿಮ್ಮಲ್ಲಿ ಅಂಗಡಿ ಇಟ್ಟವರೂ ಇದ್ದೀರಿ. ಅಂಥವರು ಒಪ್ಪಂದಕ್ಕೆ ರುಜು ಹಾಕುವ ಮೊದಲು ನಾನು ಮೇಲೆ ಬಿಡಿಸಿದ ಲೆಕ್ಕವನ್ನು ನಿಮ್ಮ ಅಂಕಿಗಳಿಂದ ಬಿಡಿಸಿ, ಚೀಟಿಗಳ ಸಂಖ್ಯೆಗೆ ಮಿತಿಯನ್ನು ಮರೆಯದೆ ಬರೆಸಿಕೊಳ್ಳಿ. ಎಲ್ಲರಿಗೂ ಶುಭವಾಗಲಿ.