ಮಹಾವೀರಾಚಾರ್ಯ: ಒಂದು ಸರಿ, ಒಂದು ತಪ್ಪು

ವರ್ಗಸಮೀಕರಣ ಬಿಡಿಸುವಾಗ ಮೂಲಚಿಹ್ನೆಯ ಕೆಳಗೆ ಋಣಸಂಖ್ಯೆ ಬಂದರೆ 'ವಾಸ್ತವ ಮೂಲಗಳಿಲ್ಲ' ಎಂದು ಬರೆಯುತ್ತೇವಷ್ಟೆ. ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಸುಮಾರು ಕ್ರಿ.ಶ. 850ರಲ್ಲಿ, ಜೈನ ಗಣಿತಜ್ಞ ಮಹಾವೀರಾಚಾರ್ಯನು ತನ್ನ 'ಗಣಿತಸಾರಸಂಗ್ರಹ'ದಲ್ಲಿ ಇದನ್ನೇ ಹೇಳಿದ್ದನು: ಋಣಸಂಖ್ಯೆಯು ಸ್ವಭಾವತಃ ವರ್ಗವಲ್ಲ, ಆದ್ದರಿಂದ ಅದಕ್ಕೆ ವರ್ಗಮೂಲವಿಲ್ಲ. –4ನ್ನೇ ತೆಗೆದುಕೊಳ್ಳಿ. 2ರ ವರ್ಗ 4. –2ರ ವರ್ಗವೂ 4. ಇಂಥ ಮೂಲಗಳೊಡನೆ ಲೆಕ್ಕ ಮಾಡುವ ನಿಯಮಗಳನ್ನು ಇಟಲಿಯ ಬೊಂಬೆಲ್ಲಿ ಪ್ರಕಟಿಸಿದ್ದು 1572ರಲ್ಲಿ.

ಆದರೆ ಸೊನ್ನೆಯಿಂದ ಭಾಗಿಸಿದರೆ ಸಂಖ್ಯೆ ಬದಲಾಗದು ಎಂದೂ ಅದೇ ಗ್ರಂಥ ಹೇಳುತ್ತದೆ. ಅಷ್ಟು ದೊಡ್ಡ ಪಂಡಿತನೂ ಇಲ್ಲಿ ಎಡವಿದ! 12ನ್ನು 1, 0.1, 0.01ರಿಂದ ಭಾಗಿಸಿ ನೋಡಿ: 12, 120, 1200. ಭಾಜಕ ಸೊನ್ನೆಯತ್ತ ಸರಿದಂತೆಲ್ಲ ಉತ್ತರ ಹಿಗ್ಗುತ್ತದೆಯೇ ಹೊರತು 12ರಲ್ಲಿ ನಿಲ್ಲುವುದಿಲ್ಲ. ಹೀಗೆ 'ಸಮೀಪಿಸುತ್ತಾ' ನೋಡುವುದನ್ನೇ ಕಲನಶಾಸ್ತ್ರ ಮಿತಿ ಎನ್ನುವ ಪಾಠದಲ್ಲಿ ಕಲಿಸುತ್ತದೆ.