ಹೆದ್ದಾರಿಯಿಂದ ಕಾಣದ ಬಾರಕೂರು

ಉಡುಪಿಯಿಂದ ಕುಂದಾಪುರಕ್ಕೆ ಹೊರಟ ನಾವು ಬ್ರಹ್ಮಾವರ ದಾಟಿ ನೇರ ಸಾಗಿಬಿಡುತ್ತೇವೆ. ಅಲ್ಲಿಂದ ಕೆಲವೇ ಕಿಲೋಮೀಟರ್ ಒಳಗಿರುವ ಬಾರಕೂರು ನಮಗೆ ನೆನಪಾಗುವುದಿಲ್ಲ. ಸೀತಾನದಿ ಬದಿಯ ಈ ಊರು ಆಳುಪ ಅರಸರ ರಾಜಧಾನಿಯಾಗಿತ್ತು. 14ನೆಯ ಶತಮಾನದಲ್ಲಿ ವಿಜಯನಗರದವರು ಇದನ್ನು ಪ್ರಾಂತ್ಯದ ಕೇಂದ್ರವಾಗಿಸಿದರು. ‘ಬಾರಕೂರು ಗದ್ಯಾಣ’ ಎಂಬ ನಾಣ್ಯದ ಹೆಸರು ಶಾಸನಗಳಲ್ಲಿದೆ. ಹಿಂದೆ ಇಲ್ಲಿ 10 ಕೇರಿಗಳಿದ್ದವೆಂದು ಪ್ರತೀತಿ. ಮೂಡುಕೇರಿ, ಚೌಳಿಕೇರಿ, ಮಣಿಗಾರಕೇರಿ, ಕೋಟೆಕೇರಿ ಎಂಬ ಹೆಸರುಗಳು ಇಂದಿಗೂ ಬಳಕೆಯಲ್ಲಿವೆ.

ಕತ್ತಲೆ ಬಸದಿಯನ್ನು ಮಾತ್ರ ತಪ್ಪಿಸಬಾರದು. ಕರಾವಳಿಯ ಮಳೆಗೆ ತಕ್ಕಂತೆ ಕಲ್ಲುಚಪ್ಪಡಿಗಳನ್ನೇ ಇಳಿಜಾರಾಗಿ ಹೊದಿಸಿದ ಮಾಡು ಅದು. ನಮ್ಮ ಹೆಂಚಿನ ಮನೆಗಳ ಅಜ್ಜನೆನ್ನಬಹುದು!

ಊರವರಲ್ಲಿ ಒಂದು ವಿನಂತಿ: ತೋಟ ಅಗೆಯುವಾಗ ಅಕ್ಷರವಿರುವ ಕಲ್ಲು ಸಿಕ್ಕರೆ ಬಟ್ಟೆ ಒಗೆಯಲು ಹಾಕಬೇಡಿ, ಪುರಾತತ್ವ ಇಲಾಖೆಗೆ ತಿಳಿಸಿ. ಹೋಗಿ ನೋಡಬಯಸುವವರಿಗೆ ಕೊಂಕಣ ರೈಲುಮಾರ್ಗದಲ್ಲಿ ಬಾರಕೂರು ನಿಲ್ದಾಣವಿದೆ.